ಬರಡು ಹೊಲಕ್ಕೆ ನಾಲ್ಕು ಮಳೆಗಾಲ: ಬದು, ಅಕ್ಕಡಿ, ಮರ ಮತ್ತು ಕೇಳಿ ಕಲಿಯುವ ಕ್ರಮ

"ಎರಡೆಕರೆ ಇದೆ, ಮಣ್ಣು ಸತ್ತಿದೆ, ಏನು ನೆಡಲಿ?" ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಕೆಲವರದು ಅಜ್ಜನ ಕಾಲದ ಹೊಲ, ಹದಿನೈದು ವರ್ಷ ಪಾಳು ಬಿದ್ದದ್ದು. ಕೆಲವರು ಬೆಂಗಳೂರಿನ ದುಡಿಮೆಯಲ್ಲಿ ಉಳಿಸಿ ಕಾಡಂಚಿನಲ್ಲಿ ಕೊಂಡವರು. ಇನ್ನು ಕೆಲವರು ನೀಲಗಿರಿ ತೆಗೆಸಿ, ಬುಡಗಳನ್ನು ನೋಡುತ್ತ ನಿಂತವರು. ಮೂವರಿಗೂ ನನ್ನ ಉತ್ತರ ಒಂದೇ: ಮೊದಲ ವರ್ಷ ನೆಡುವ ಮಾತು ಬೇಡ. ನೀರು ನಿಲ್ಲಬೇಕು, ನೆಲಕ್ಕೆ ಹೊದಿಕೆ ಬರಬೇಕು, ಆಮೇಲೆ ಬೆಳೆ, ಅದರ ಜೊತೆಗೆ ಮರ. ಈ ಕ್ರಮ ತಪ್ಪಿದವರು ಸಸಿಯ ದುಡ್ಡನ್ನೂ ಟ್ಯಾಂಕರ್ ನೀರಿನ ದುಡ್ಡನ್ನೂ ಕಳೆದುಕೊಳ್ಳುತ್ತಾರೆ.

ಇದಕ್ಕೆ ಈಗ 'ಪುನರುಜ್ಜೀವನ ಕೃಷಿ' ಎನ್ನುತ್ತಾರೆ. ಪ್ರತಿ ಬೆಳೆಯ ಕೊನೆಗೆ ಮಣ್ಣು ಮೊದಲಿಗಿಂತ ಚೆನ್ನಾಗಿರಬೇಕು ಎಂಬ ಕೃಷಿ, ಅಷ್ಟೆ. ಹೆಸರು ಹೊಸದು. ಕೆಲಸ ನಮ್ಮ ರಾಗಿ ಸೀಮೆಯ ಬೇಸಾಯಗಾರರಿಗೂ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರಿಗೂ ಗೊತ್ತಿದ್ದದ್ದೇ. ಹಾಗಾಗಿ ಇದು ಮಣ್ಣಿನ ಮಾರ್ಗದರ್ಶಿಯೂ ಹೌದು, ಗೊತ್ತಿರುವವರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂಬುದರ ಮಾರ್ಗದರ್ಶಿಯೂ ಹೌದು.

ಇಲ್ಲಿ ಹೇಳಿರುವುದೆಲ್ಲ ಚಾಮರಾಜನಗರ, ಕೊಳ್ಳೇಗಾಲ, ಹನೂರು ಕಡೆಯ ಕೆಮ್ಮಣ್ಣಿನ ಮಳೆಯಾಶ್ರಿತ ಹೊಲಕ್ಕೆ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಅದರಲ್ಲೂ ಹಿಂಗಾರಿನಲ್ಲಿ ಜೋರು. ತುಮಕೂರು, ಕೋಲಾರ, ರಾಮನಗರದವರು ದಿನ ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡರೆ ಸಾಕು. ಎರೆಭೂಮಿಯವರು ಎರಡನೇ ಹಂತವನ್ನು ಹಾಗೇ ಅನುಸರಿಸಬೇಡಿ. ಕಪ್ಪು ಮಣ್ಣಿನಲ್ಲಿ ಕಂದಕದಲ್ಲಿ ನಿಂತ ನೀರು ಇಂಗುವುದು ತಡ, ಬೇರು ಕೊಳೆಯುತ್ತದೆ.

ಏನೇನು ಬೇಕು

ಎರಡು ಏಳಡಿ ಗಳು (ಉದ್ದ ಕೋಲು), ಒಂದು ನಾಲ್ಕಡಿ ಅಡ್ಡಕೋಲು, ದಾರ, ಕಲ್ಲು. ಸನಿಕೆ, ಗುದ್ದಲಿ, ಮಂಕರಿ. ಸಾಲಿನಲ್ಲಿ ಬಿತ್ತಲು ಕೂರಿಗೆ ಮತ್ತು ಕಳೆ ತೆಗೆಯಲು ಕುಂಟೆ. ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಹೂಡಲು ಬರುವವರೊಬ್ಬರು. ಅಂಥವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ, ಬಹುತೇಕ ಅರವತ್ತು ದಾಟಿದವರು. ಬೀಜ. ದನಕುರಿ ತಡೆಯಲು ಬೇಲಿ. ಮತ್ತು ಮೊದಲ ವರ್ಷ ಈ ಹೊಲದಿಂದ ಒಂದು ರೂಪಾಯಿಯೂ ಬರದಿದ್ದರೆ ಮನೆ ನಡೆಯುತ್ತದೆಯೇ ಎಂಬ ಪ್ರಾಮಾಣಿಕ ಲೆಕ್ಕ. ನಡೆಯುವುದಿಲ್ಲ ಎಂದಾದರೆ ಅರ್ಧ ಎಕರೆಯಿಂದ ಶುರುಮಾಡಿ, ಉಳಿದದ್ದು ಹೇಗಿದೆಯೋ ಹಾಗಿರಲಿ.

ಹಂತ 1: ಕೇಳಿ ತಿಳಿಯುವುದು

ಜೆಸಿಬಿ ಕರೆಸುವ ಮುಂಚೆ ನಿಮ್ಮ ಹೊಲದ ಹೆಸರು ಕೇಳಿ. ಸರ್ವೆ ನಂಬರ್ ಅಲ್ಲ, ಹೆಸರು. ಕಟ್ಟೆಹೊಲ ಎಂದರೆ ಎಲ್ಲೋ ಒಂದು ಕಟ್ಟೆ ಇತ್ತು. ಹುಣಸೆಮರದ ಹೊಲ ಎಂದರೆ ಅಲ್ಲಿ ಹುಣಸೆ ಬರುತ್ತದೆ. ಮಳೆ ಬಂದಾಗ ನೀರು ಯಾವ ಮೂಲೆಯಿಂದ ನುಗ್ಗುತ್ತಿತ್ತು, ಯಾವ ಜಾಗದ ರಾಗಿ ಯಾವಾಗಲೂ ಕುಳ್ಳು, ಹಂದಿ ಎಲ್ಲಿಂದ ಇಳಿಯುತ್ತದೆ, ಇವನ್ನೆಲ್ಲ ಪಕ್ಕದ ಹೊಲದ ಮುದುಕಿ ಒಂದು ಗಂಟೆಯಲ್ಲಿ ಹೇಳುತ್ತಾಳೆ. ಮಣ್ಣು ಪರೀಕ್ಷೆಯ ಕಾಗದದಲ್ಲಿ ಇದು ಸಿಗುವುದಿಲ್ಲ.

ಪರೀಕ್ಷೆಯನ್ನೂ ಮಾಡಿಸಿ. ನೋಡಬೇಕಾದ ಮುಖ್ಯ ಸಂಖ್ಯೆ 'ಸಾವಯವ ಇಂಗಾಲ', ಅಂದರೆ ಕೊಳೆತ ಸೊಪ್ಪುಸದೆಯಿಂದ ಮಣ್ಣಿನಲ್ಲಿ ಉಳಿದ ಅಂಶ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಚೆನ್ನಾಗಿದೆ ಎಂದು ಲೆಕ್ಕ. ಇದೇ ಸಂಖ್ಯೆಯನ್ನು ಮೂರು ವರ್ಷದ ನಂತರ ಮತ್ತೆ ನೋಡುತ್ತೀರಿ, ಕಾಗದ ಎತ್ತಿಡಿ.

ನಿಮ್ಮ ಹೊಲ ಕಾಡಂಚಿನಲ್ಲಿದ್ದರೆ ಇನ್ನೂ ಒಂದು ವಿಷಯವಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸುತ್ತ ಸೋಲಿಗರು ಒಂದು ಕಾಲಕ್ಕೆ ಜಾಗ ಬದಲಿಸುವ ಬೇಸಾಯ ಮಾಡುತ್ತಿದ್ದರು. ಕಾಡಿನ ಚಿಕ್ಕ ತುಂಡನ್ನು ಸವರಿ, ಸುಟ್ಟು, ರಾಗಿ, ಅವರೆ, ಜೋಳ, ಸಾಸಿವೆ, ಕುಂಬಳ ಎಲ್ಲವನ್ನೂ ಒಟ್ಟಿಗೆ ಹಾಕಿ, ಕೆಲವು ಬೆಳೆಯ ನಂತರ ಆ ಜಾಗವನ್ನು ಬಿಟ್ಟು ಮುಂದೆ ಹೋಗುವ ಕ್ರಮ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅವರನ್ನು ಒಂದೆಡೆ ನೆಲೆ ನಿಲ್ಲಿಸಲಾಯಿತು, ಆ ಬೇಸಾಯ ನಿಂತಿತು. ಅವರ ಪ್ರತಿ ಕುಲಕ್ಕೂ ಕಾಡಿನಲ್ಲಿ ಒಂದು 'ಯೆಲ್ಲೆ' ಇದೆ. ಅದರೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳು. ಅಬ್ಬಿ ಎಂದರೆ ನೀರಿನ ಜಾಗ. ಹೊರಗಿನವರ ಕಣ್ಣಿಗೆ ಬರೀ ಕಲ್ಲು, ಬರೀ ಮರ.

ಆದ್ದರಿಂದ ನಿಮ್ಮ ಜಮೀನಿನ ಅಂಚಿನಲ್ಲಿ ಮರದ ಬುಡಕ್ಕೆ ಅರಿಸಿನ ಹಚ್ಚಿದ ಕಲ್ಲು ಕಂಡರೆ ಯಾರದೆಂದು ವಿಚಾರಿಸುವ ತನಕ ಮುಟ್ಟಬೇಡಿ. ಜಾಗ ಚೊಕ್ಕ ಮಾಡಬೇಡಿ, ಟೈಲ್ಸ್ ಹಾಕಿಸಬೇಡಿ, ಭಕ್ತಿಯಿಂದಲೇ ಆದರೂ ಸಿಮೆಂಟ್ ಗುಡಿ ಕಟ್ಟಿಸಬೇಡಿ. ವರ್ಷಕ್ಕೊಮ್ಮೆ ಬಂದು ಪೂಜೆ ಮಾಡುವವರಿಗೆ ದಾರಿ ಬಿಡಿ, ಬೇಲಿಗೆ ಅಲ್ಲೊಂದು ಸಣ್ಣ ಗೇಟು ಇಡಿ.

ಸೋಲಿಗ ಹಿರಿಯರಿಂದ ಕಲಿಯಬೇಕೆಂದಿದ್ದರೆ ಅದನ್ನು ಕೆಲಸವೆಂದು ಪರಿಗಣಿಸಿ ಕೂಲಿ ಕೊಡಿ. ಹೊಲಕ್ಕೆ ಬಂದು ಸಲಹೆ ಕೊಡುವ ಕೃಷಿ ಪದವೀಧರನಿಗೆ ಕೊಡುವಷ್ಟು ಕೊಡಲು ಮನಸ್ಸು ಹಿಂದೇಟು ಹಾಕಿದರೆ, ಯಾಕೆಂದು ನಿಮ್ಮನ್ನೇ ಕೇಳಿಕೊಳ್ಳಿ. ಔಷಧಿ ಗಿಡದ ವಿವರವನ್ನು ವಿಡಿಯೋ ಮಾಡಿ ಹಂಚಬೇಡಿ. ಅಂಥ ತಿಳಿವಳಿಕೆ ದಾಖಲಾಗಬೇಕಾದ ಜಾಗ ಬೇರೆ ಇದೆ: 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಏನು ಬರೆಸಬೇಕು, ಏನು ಬರೆಸಬಾರದು ಎಂಬುದು ಆ ಸಮುದಾಯದ ತೀರ್ಮಾನ.

ಇನ್ನೂ ಕೊಳ್ಳುವ ಯೋಚನೆಯಲ್ಲಿರುವವರಿಗೆ ಎಚ್ಚರಿಕೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟ ಊರ್ಜಿತವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರದ ಭೂಮಿ ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. "ಬೆಟ್ಟದ ಬುಡದಲ್ಲಿ ಅಗ್ಗಕ್ಕೆ ಇದೆ" ಎಂದು ದಲ್ಲಾಳಿ ಹೇಳಿದರೆ, ಅಗ್ಗ ಯಾಕೆಂದು ಮೊದಲು ಕೇಳಿ. ಇನ್ನೊಬ್ಬರ ನೆಲ ಕಿತ್ತುಕೊಂಡು ಅದರ ಮಣ್ಣಿಗೆ ಜೀವ ತುಂಬುತ್ತೇನೆ ಎನ್ನುವುದು ಹಾಸ್ಯಾಸ್ಪದ.

ಹಂತ 2: ಓಡುವ ನೀರನ್ನು ನಡೆಸುವುದು

ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40,000 ಲೀಟರ್. ನಾಲ್ಕೈದು ದೊಡ್ಡ ಟ್ಯಾಂಕರ್. ಬರಡು ನೆಲದಲ್ಲಿ ಇದರಲ್ಲಿ ಬಹುಪಾಲು ಕೆಂಪಗೆ ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಹೊತ್ತು ಹೋಗುತ್ತದೆ.

ತಡೆಯಲು ಸಮಪಾತಳಿ ಬದು ಹಾಕಬೇಕು. ಸಮಪಾತಳಿ ಎಂದರೆ ಇಳಿಜಾರಿಗೆ ಅಡ್ಡವಾಗಿ, ಉದ್ದಕ್ಕೂ ಒಂದೇ ಎತ್ತರದಲ್ಲಿ ಸಾಗುವ ಗೆರೆ. ಅದನ್ನು ಕಣ್ಣಂದಾಜಿನಲ್ಲಿ ಎಳೆಯಬೇಡಿ, ಕಣ್ಣು ಮೋಸ ಮಾಡುತ್ತದೆ. ಎರಡು ಗಳುಗಳ ತುದಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿದರೆ ಏಣಿಯಂಥ ಚೌಕಟ್ಟಾಗುತ್ತದೆ. ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ಎರಡು ಗೂಟದ ಮೇಲೆ ಕಾಲಿಟ್ಟು ನಿಲ್ಲಿಸಿ, ದಾರ ಅಡ್ಡಕೋಲನ್ನು ಮುಟ್ಟುವ ಕಡೆ ಗುರುತು ಹಾಕಿ. ಈಗ ಎಡಗಾಲಿನ ಜಾಗಕ್ಕೆ ಬಲಗಾಲು ಬರುವಂತೆ ತಿರುಗಿಸಿ ಇನ್ನೊಂದು ಗುರುತು ಹಾಕಿ. ಎರಡರ ಸರಿಮಧ್ಯವೇ 'ಮಟ್ಟ'. ಅಲ್ಲಿ ಮೂರನೇ ಗುರುತು ಕೊರೆದುಕೊಳ್ಳಿ. ಇನ್ನು ಹೊಲದ ಮೇಲ್ಭಾಗದಿಂದ ಶುರುಮಾಡಿ, ದಾರ ಆ ಗುರುತಿಗೆ ಬರುವ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಗೂಟ ಹೊಡೆಯುತ್ತ ಹೋಗಿ. ಗೆರೆ ಹಾವಿನಂತೆ ಬಳುಕುತ್ತದೆ. ಬಳುಕಲಿ, ನೇರ ಮಾಡಲು ಹೋಗಬೇಡಿ.

ಗೆರೆಯ ಮೇಲ್ಬದಿಯಲ್ಲಿ ಎರಡಡಿ ಅಗಲ, ಒಂದೂವರೆ ಅಡಿ ಆಳದ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ ಬದು ಮಾಡಿ. ಕಂದಕ ಒಂದೇ ಉದ್ದದ ಕಾಲುವೆ ಆಗಬಾರದು. ಹದಿನೈದು ಇಪ್ಪತ್ತು ಅಡಿಗೊಮ್ಮೆ ಒಂದು ಮೊಳ ಮಣ್ಣು ಕೀಳದೆ ಬಿಟ್ಟರೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ನೂರಡಿ ಕಂದಕ ಒಮ್ಮೆ ತುಂಬಿದರೆ ಸುಮಾರು 8,500 ಲೀಟರ್ ಹಿಡಿಯುತ್ತದೆ. ನೆಲ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ತಗ್ಗಿದ ಕಡೆ ಮುಂದಿನ ಬದು.

ಎಲ್ಲರೂ ಎಡವುವುದು ಇಲ್ಲೇ: ಕೋಡಿ ಬಿಡುವುದಿಲ್ಲ. ಬದು ಎಷ್ಟೇ ಗಟ್ಟಿಯಿರಲಿ, ಹಸ್ತ, ಚಿತ್ತೆ ಮಳೆ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್) ಒಂದು ರಾತ್ರಿ ಜಡಿದರೆ ಹೆಚ್ಚಿನ ನೀರಿಗೆ ದಾರಿ ಬೇಕು. ಪ್ರತಿ ಬದುವಿಗೂ ಒಂದು ಕಡೆ ಅರ್ಧ ಅಡಿ ತಗ್ಗಿಸಿ, ಕಲ್ಲು ಹಾಸಿ, ಹುಲ್ಲು ಹಿಡಿಸಿ. ಕೋಡಿಯಿಲ್ಲದ ಬದು ಒಂದು ಕಡೆ ಒಡೆದರೆ ಕೆಳಗಿನ ಬದುಗಳೆಲ್ಲ ಸಾಲಾಗಿ ಒಡೆಯುತ್ತವೆ, ನಿಮ್ಮ ನೀರು ಪಕ್ಕದವರ ಹೊಲ ಕೊಚ್ಚುತ್ತದೆ. ಆಮೇಲೆ ಜಗಳ ಬೇರೆ.

ಈ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಬದುವಿನ ಹಸಿ ಮಣ್ಣಿನ ಮೇಲೆ ಮೊದಲ ಮಳೆಗೇ ಹುರುಳಿ ಚೆಲ್ಲಿ. ಅದು ಮಣ್ಣನ್ನು ಹಿಡಿಯುತ್ತದೆ, ನಾಲ್ಕು ಸೇರು ಕಾಳನ್ನೂ ಕೊಡುತ್ತದೆ.

ಹಂತ 3: ನೆಲಕ್ಕೆ ಬಟ್ಟೆ

ಮೊದಲ ವರ್ಷದ ಬೆಳೆ ನಿಮಗಲ್ಲ, ಮಣ್ಣಿಗೆ. ಭರಣಿ ಅಥವಾ ಕೃತ್ತಿಕೆ ಮಳೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಡುವೆ, ಹದವಾದ ತಕ್ಷಣ ಒಮ್ಮೆ ಮೇಲುಮೇಲೆ ಉತ್ತು ನವಧಾನ್ಯ ಚೆಲ್ಲಿ. ಸೆಣಬು, ಹುರುಳಿ, ಅಲಸಂದೆ, ಹೆಸರು, ಸಜ್ಜೆ, ಜೋಳ, ಎಳ್ಳು, ಸಾಸಿವೆ, ಸಿಕ್ಕಿದ್ದೆಲ್ಲ ಸೇರಿ ಎಕರೆಗೆ ಹನ್ನೆರಡು ಹದಿನೈದು ಕಿಲೋ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ದ್ವಿದಳ ಇರಲಿ. ಅವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ.

ನಲವತ್ತೈದು ಐವತ್ತು ದಿನಕ್ಕೆ, ಹೂ ಕಾಣಿಸಿಕೊಂಡಾಗ ಉತ್ತು ಮಣ್ಣಿಗೆ ಸೇರಿಸಿ, ಇದೇ ಹಸಿರೆಲೆ ಗೊಬ್ಬರ. 'ಇನ್ನೊಂದು ವಾರ ಇರಲಿ, ಚೆನ್ನಾಗಿ ಬೆಳೆದಿದೆ' ಎಂಬ ಆಸೆಯೇ ಇಲ್ಲಿನ ತಪ್ಪು. ಸೆಣಬಿನ ಕಡ್ಡಿ ಗಟ್ಟಿಯಾದ ಮೇಲೆ ಕೊಳೆಯುವುದು ತಡ, ಉಳುವಾಗ ನೇಗಿಲಿಗೂ ಸುತ್ತಿಕೊಳ್ಳುತ್ತದೆ. ಮಣ್ಣಿಗೆ ಸೇರಿಸಿದ ಮೇಲೆ ಹೊಲವನ್ನು ಬೆತ್ತಲೆ ಬಿಡಬೇಡಿ, ಅದರ ಮೇಲೇ ಹುರುಳಿ ಹಾಕಿ ಆ ವರ್ಷ ಮುಗಿಸಿ.

ಬೇಸಿಗೆಯಲ್ಲಿ ಕುರಿಮಂದೆ ಸಿಕ್ಕರೆ ರಾತ್ರಿ ನಿಲ್ಲಿಸಿಕೊಳ್ಳಿ. ಹಿಕ್ಕೆ, ಗಂಜಲ ಎರಡೂ ಸಿಗುತ್ತದೆ, ಸಾಗಣೆಯ ಖರ್ಚಿಲ್ಲ. ಆದರೆ ಮಂದೆಯವರೊಂದಿಗೆ ಮಾತು ಮೊದಲೇ ಆಗಿರಲಿ, ಮರದ ಸಸಿ ನೆಟ್ಟ ಮೇಲೆ ಇದು ಸಾಧ್ಯವಿಲ್ಲ.

ಜೀವಾಮೃತದ ಬಗ್ಗೆ ಕೇಳುವವರು ಬಹಳ. 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕಿಲೋ ಬೆಲ್ಲ ಮತ್ತು ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ಎರಡು ದಿನ ನೆರಳಲ್ಲಿ ಇಟ್ಟು ತಿರುಗಿಸುತ್ತಿರುವುದು. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಬಿಸಿಲಿಗೆ ಕಾದ ಬರಿಮಣ್ಣಿನ ಮೇಲೆ ಅದನ್ನು ಸುರಿಯುವುದು ಕುದಿಯುವ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೊದಿಕೆ ಮೊದಲು.

"ಹೊದಿಕೆಗೆ ಒಣ ಸದೆ ಹಾಕಿದರೆ ಗೆದ್ದಲು ಬರುತ್ತದಲ್ಲ?" ಬರುತ್ತದೆ. ಒಣಗಿದ್ದು ಸಿಗುತ್ತಿರುವ ತನಕ ಗೆದ್ದಲು ಹಸಿ ಗಿಡದ ತಂಟೆಗೆ ಹೋಗುವುದು ಕಡಿಮೆ, ಬರೀ ನೆಲದಲ್ಲಿ ಒಂಟಿ ಸಸಿ ಇದ್ದಾಗಲೇ ಅದನ್ನು ಹಿಡಿಯುವುದು. ಸಸಿಯ ಕಾಂಡದಿಂದ ಒಂದು ಗೇಣು ದೂರಕ್ಕೆ ಸದೆ ಸರಿಸಿಡಿ. ಹೊಲದ ಕಸಕ್ಕೆ ಬೆಂಕಿ ಮಾತ್ರ ಇಡಬೇಡಿ.

ಹಂತ 4: ಅಕ್ಕಡಿ ಸಾಲು

ಎರಡನೇ ವರ್ಷದಿಂದ ಊಟದ ಬೆಳೆ. ರಾಗಿ ಸೀಮೆಯ ಬುದ್ಧಿವಂತಿಕೆ ಇಡಿಯಾಗಿ ಕಾಣುವುದು ಅಕ್ಕಡಿಯಲ್ಲೇ. ಮುಖ್ಯ ಬೆಳೆಯ ಕೆಲವು ಸಾಲಿಗೊಮ್ಮೆ ಬೇರೆ ಬೇರೆ ಕಾಳುಗಳ ಒಂದು ಸಾಲು ಹಾಕುವುದು ಅಕ್ಕಡಿ. ಕೂರಿಗೆ ಮುಂದೆ ರಾಗಿ ಬಿತ್ತುತ್ತ ಹೋದರೆ, ಹಿಂದೆ ಕಟ್ಟಿದ ಕೊಳವೆಯಲ್ಲಿ ಒಬ್ಬರು ಅಕ್ಕಡಿ ಬೀಜ ಬಿಡುತ್ತ ಬರುತ್ತಾರೆ. ಆ ಕೊಳವೆಗೆ ಸಡ್ಡೆ ಎನ್ನುತ್ತಾರೆ. ಸಡ್ಡೆ ಬಿಡುವವರು ಹೆಚ್ಚಾಗಿ ಹೆಂಗಸರು. ಯಾವ ಬೀಜದ ಪಕ್ಕ ಯಾವುದು, ಎಷ್ಟು ಹೆಜ್ಜೆಗೆ ಒಂದು ಹರಳು, ಈ ಲೆಕ್ಕ ಅವರ ಬೆರಳಲ್ಲಿದೆ.

ಪುನರ್ವಸು, ಪುಷ್ಯ ಮಳೆಯಲ್ಲಿ, ಅಂದರೆ ಜುಲೈಯಲ್ಲಿ, ಬಿತ್ತನೆ. ಕೂರಿಗೆಯಲ್ಲಾದರೆ ಎಕರೆಗೆ ನಾಲ್ಕು ಕಿಲೋ ರಾಗಿ ಸಾಕು. ಸಾಲಿಂದ ಸಾಲಿಗೆ ಒಂದಡಿ. ಒಂದು ಅಂಗುಲಕ್ಕಿಂತ ಆಳಕ್ಕೆ ಹೋದರೆ ರಾಗಿ ಮೇಲೇಳುವುದಿಲ್ಲ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಮುಂದಿನ ಎಂಟಕ್ಕೆ ಎರಡು ಸಾಲು ತೊಗರಿ, ಹೀಗೆ ಬದಲಾಯಿಸುತ್ತ ಹೋಗಿ. ಅಕ್ಕಡಿ ಸಾಲಿನಲ್ಲೇ ನಡುನಡುವೆ ಜೋಳ, ಅಲಸಂದೆ, ಸಾಸಿವೆ. ಹೊಲದ ಅಂಚಿಗೆ ಹುಚ್ಚೆಳ್ಳು ಮತ್ತು ಹರಳು. ಇವೆರಡಕ್ಕೂ ದನ ಬಾಯಿ ಹಾಕುವುದಿಲ್ಲ, ಬೇಲಿಯ ಕೆಲಸ ಅರ್ಧ ಆದ ಹಾಗೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ಬಂದ ಜೇನು ತೊಗರಿಯನ್ನೂ ನೋಡಿಕೊಂಡು ಹೋಗುತ್ತದೆ.

ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ, ತೊಗರಿಯದು ಆಳಕ್ಕೆ ಇಳಿಯುತ್ತದೆ, ನೀರಿಗಾಗಿ ಪೈಪೋಟಿ ಕಡಿಮೆ. ಕುಯ್ಲಿನ ಸರದಿಯನ್ನೂ ನೋಡಿ. ಸೆಪ್ಟೆಂಬರ್ ಅಕ್ಟೋಬರಿಗೆ ಅಲಸಂದೆ. ನವೆಂಬರಿಗೆ ಜೋಳ, ರಾಗಿ. ಆಮೇಲೆ ಸಾಸಿವೆ, ಹುಚ್ಚೆಳ್ಳು. ರಾಗಿ ಎದ್ದ ಹೊಲದಲ್ಲಿ ಬಿಸಿಲು ಸಿಕ್ಕ ಅವರೆ ಹಬ್ಬಿ, ಧನುರ್ಮಾಸದ ಇಬ್ಬನಿಗೆ ಸೊಗಡು ಹಿಡಿದು ನಿಲ್ಲುತ್ತದೆ. ಜನವರಿ ಫೆಬ್ರವರಿಗೆ ತೊಗರಿ. ಹರಳು ಅದಕ್ಕೂ ಆಚೆ. ಜುಲೈಯಿಂದ ಫೆಬ್ರವರಿ ತನಕ ನೆಲದ ಮೇಲೆ ಏನಾದರೊಂದು ಹಸಿರು ಇದ್ದೇ ಇರುತ್ತದೆ. ರಾಗಿ ಕೈಕೊಟ್ಟ ವರ್ಷವೂ ಮನೆಗೆ ಸಾರಿನ ಕಾಳು ಬರುತ್ತದೆ.

ಮೂರು ವಾರಕ್ಕೆ ಕುಂಟೆ ಹಾಯಿಸಿ. ಕಳೆ ಸಾಯುತ್ತದೆ, ಒತ್ತಾದ ಪೈರು ತೆಳುವಾಗುತ್ತದೆ, ಮೇಲ್ಮಣ್ಣು ಪುಡಿಯಾಗಿ ತೇವ ಉಳಿಯುತ್ತದೆ.

ಈ ಹಂತದಲ್ಲಿ ಜನ ಕೆಡುವುದು ಹೀಗೆ. ಅಕ್ಕಡಿಯಲ್ಲಿ ಕಳೆನಾಶಕ ಹೊಡೆಯಲಾಗುವುದಿಲ್ಲ, ಒಂದಕ್ಕೆ ಹೊಂದುವುದು ಇನ್ನೊಂದನ್ನು ಕೊಲ್ಲುತ್ತದೆ. ಕಟಾವು ಯಂತ್ರ ಇಳಿಸಲಾಗುವುದಿಲ್ಲ. ಕೂಲಿ ಸಿಗದ ಊರಿನಲ್ಲಿ ಐದೆಕರೆ ಅಕ್ಕಡಿ ಹಾಕಿ ಒದ್ದಾಡಬೇಡಿ, ಒಂದೆಕರೆ ಮಾಡಿ. ಹಬ್ಬುವ ನಾಟಿ ಅವರೆಯನ್ನು ಮೇ ತಿಂಗಳಲ್ಲೇ ಬಿತ್ತಬೇಡಿ: ಹಗಲು ಚಿಕ್ಕದಾಗುವ ತನಕ ಅದು ಹೂ ಬಿಡುವುದಿಲ್ಲ, ಬಳ್ಳಿಯಾಗಿ ಬೆಳೆದು ರಾಗಿಯನ್ನು ಮುಚ್ಚುತ್ತದೆ. 'ಅಕ್ಕಡಿ ಮಿಶ್ರಣ' ಎಂದು ಪೊಟ್ಟಣದಲ್ಲಿ ಮಾರುವ ಬೀಜವನ್ನೂ ನಂಬಬೇಡಿ. ನಿಮ್ಮ ಹೋಬಳಿಯಲ್ಲೇ ಬೆಳೆದ ಬೀಜ ಕೇಳಿ ತನ್ನಿ, ಒಂದು ಸೇರು ತಂದರೆ ಕುಯ್ಲಿನ ಮೇಲೆ ಎರಡು ಸೇರು ಹಿಂದಿರುಗಿಸಿ. ಸಂಕರಣ ತಳಿಯಿಂದ ಬೀಜ ಹಿಡಿದರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ.

ಬೀಜ ಎತ್ತಿಡುವಾಗ ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ. ಮಣ್ಣನ್ನು ನೀರಲ್ಲಿ ಕಲಸಿ ಕಾಳಿಗೆ ಹಚ್ಚಿ ಬಿಸಿಲಲ್ಲಿ ಗರಿಗರಿ ಒಣಗಿಸಿದರೆ ಹುಳ ಕೊರೆಯುವುದು ಕಷ್ಟ. ರಾಗಿಗೆ ಬೇವಿನ ಸೊಪ್ಪು ಸಾಕು.

ಸೋಲಿಗರಲ್ಲಿ ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ ಇದೆ. ಹೊಸ ಫಸಲು ಮೊದಲು ದೇವರಿಗೆ, ಆಮೇಲೆ ಊರಿಗೆ. ಕರೆದರೆ ಹೋಗಿ, ಕೊಟ್ಟ ರೊಟ್ಟಿ ತಿನ್ನಿ, ಫೋನ್ ಜೇಬಿನಲ್ಲಿರಲಿ.

ಹಂತ 5: ಮರ, ಅದರಲ್ಲೂ ತಾನೇ ಬಂದ ಮರ

ಎರಡನೇ ಮಳೆಗಾಲದಿಂದಲೇ ಬದುವಿನ ಮೇಲೆ ಮರ ಶುರುಮಾಡಬಹುದು. ಆದರೆ ನರ್ಸರಿಗೆ ಓಡುವ ಮುಂಚೆ ಬೇಲಿ ಹಾಕಿ ಒಂದು ಮಳೆ ನೋಡಿ. ಹೊಂಗೆ, ಬೇವು, ಮುತ್ತುಗ, ಸೀತಾಫಲ ಹಳೆಯ ಬುಡದಿಂದ ಚಿಗುರುತ್ತವೆ. ಇದಕ್ಕೆ ಕೂಳೆ ಚಿಗುರು ಎನ್ನುತ್ತಾರೆ. ಕೆಳಗೆ ಬೇರು ಆಗಲೇ ಇರುವುದರಿಂದ ನೀವು ನೆಟ್ಟ ಸಸಿಗಿಂತ ಇವು ಬೇಗ ಏಳುತ್ತವೆ. ಒಂದು ಬುಡಕ್ಕೆ ಎರಡು ಗಟ್ಟಿ ಚಿಗುರು ಬಿಟ್ಟು ಉಳಿದದ್ದು ಸವರಿ. ನೀಲಗಿರಿಯ ಹೊಲದಲ್ಲಿ ಇದರ ತಿರುಗುಮುರುಗು: ಅದರ ಬುಡವನ್ನು ಪೂರ್ತಿ ಕೀಳಿಸದಿದ್ದರೆ ಪ್ರತಿ ವರ್ಷ ಚಿಗುರುತ್ತಲೇ ಇರುತ್ತದೆ.

ನೆಡುವುದಿದ್ದರೆ ಬೇಸಿಗೆಯಲ್ಲೇ ಒಂದೂವರೆ ಅಡಿ ಗುಂಡಿ ತೋಡಿ ಬಿಸಿಲಿಗೆ ಬಿಡಿ, ಆರಿದ್ರ ಮಳೆ (ಜೂನ್ ಕೊನೆ) ನೆಲ ನೆನೆಸಿದ ಮೇಲೆ ನೆಡಿ. ಬದುವಿನುದ್ದಕ್ಕೂ ಮೂರಡಿಗೊಂದು ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಹಾಕಿ, ವರ್ಷಕ್ಕೆ ಎರಡು ಮೂರು ಸಲ ಸವರಿ ಸೊಪ್ಪನ್ನು ಹೊಲಕ್ಕೆ ಹಾಕಬೇಕು. ಸವರದೆ ಬಿಟ್ಟರೆ ರಾಗಿಗೆ ನೆರಳು. ನಡುನಡುವೆ ಹೊಂಗೆ, ನೇರಳೆ, ಬೇವು. ಹುಣಸೆಗೆ ಮೂವತ್ತಡಿ ಬಿಡಿ, ಈಗ ಅದು ಹೆಚ್ಚೆನಿಸುತ್ತದೆ, ಮೊಮ್ಮಕ್ಕಳಿಗೆ ಅನಿಸುವುದಿಲ್ಲ. ನೆಲ್ಲಿ ಹಾಕುವವರು ಕನಿಷ್ಠ ಎರಡು ತಳಿ ನೆಡಿ, ಒಂದೇ ತಳಿಯಾದರೆ ಕಾಯಿ ಕಚ್ಚುವುದು ಕಡಿಮೆ.

ಆನೆ ಬರುವ ಕಡೆ ಹಲಸು, ಬಾಳೆ, ಕಬ್ಬು ಬೇಡ. ಕರೆದು ಕೂರಿಸಿದ ಹಾಗೆ. ಸೌರಬೇಲಿ ಹಾಕಿಸುವುದು ಬೇರೆ ಮಾತು. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಆನೆಯ ಜೊತೆ ಮನುಷ್ಯರೂ ಸತ್ತಿದ್ದಾರೆ.

ಮಿಯಾವಾಕಿ ಎಂದು ಒತ್ತೊತ್ತಾಗಿ ನೆಡುವ ಪದ್ಧತಿಯ ಬಗ್ಗೆ ನನಗೆ ಒಲವಿಲ್ಲ. ಕುರುಚಲು, ಹುಲ್ಲು, ಅಲ್ಲಲ್ಲಿ ಮರ ಇರುವುದೇ ಈ ಒಣಸೀಮೆಯ ಸಹಜ ರೂಪ. ಅಲ್ಲಿ ಚದರ ಮೀಟರಿಗೆ ಮೂರು ಸಸಿ ತುರುಕಿ ಟ್ಯಾಂಕರ್ ನೀರು ಹೊಯ್ಯುವುದು ಫೋಟೋಕ್ಕೆ ಚೆನ್ನ. ಹುಲ್ಲುಗಾವಲು ಬರಡಲ್ಲ ಎಂಬುದೂ ನೆನಪಿರಲಿ.

ಕಾಗದದ ಕೆಲಸವನ್ನೂ ಹೇಳಿಬಿಡುತ್ತೇನೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದ ಸಸಿ ಸಿಗುತ್ತದೆ, ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಸಸಿ ಒಯ್ಯುವಾಗಲೇ ಹೆಸರು ನೋಂದಾಯಿಸಿ, ನೆಟ್ಟ ಮೇಲೆ ಹೋದರೆ ಆಗದು. ಶ್ರೀಗಂಧ 2001ರಿಂದ ಭೂಮಾಲೀಕರದೇ ಆಸ್ತಿ, ಆದರೆ ಕಡಿಯಲು, ಸಾಗಿಸಲು ಇಲಾಖೆಯ ಅನುಮತಿ ಬೇಕು. ಕಾಡಿನ ಹೊರಗೆ ಬೆಳೆದ ಬಿದಿರು 2017ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ 'ಮರ' ಅಲ್ಲ.

ಹಂತ 6: ಲಂಟಾನ

ಕಾಡಂಚಿನವರಿಗೆ ಮಾತ್ರ. ಲಂಟಾನ ಎಂಬ ಕಳೆ ಪೊದೆಯನ್ನು ಮೇಲಿಂದ ಕಡಿದರೆ ಎರಡರಷ್ಟು ಚಿಗುರುತ್ತದೆ. ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಹಾಕಿ. ಬೇರು ಮತ್ತೆ ಮಣ್ಣು ಮುಟ್ಟಬಾರದು. ಕಾಯಿ ಹಣ್ಣಾಗುವ ಮುಂಚೆ ಮಾಡಿ. ಮುಂದಿನ ಎರಡು ಮಳೆಗಾಲ ದೊಡ್ಡ ಮರಗಳ ಬುಡ ನೋಡುತ್ತಿರಿ: ಹಣ್ಣು ತಿಂದ ಪಿಕಳಾರ ಕೂರುವುದು ಅಲ್ಲಿ, ಸಸಿ ಏಳುವುದೂ ಅಲ್ಲೇ. ಚಿಕ್ಕದಿರುವಾಗ ಅದು ಕೈಯಲ್ಲೇ ಕಿತ್ತು ಬರುತ್ತದೆ. ತೆರವಾದ ಜಾಗವನ್ನು ಖಾಲಿ ಬಿಡದೆ ಹುಲ್ಲಿನ ಬೀಜ ಚೆಲ್ಲಿ. ಒಣಗಿದ ಕಡ್ಡಿ ಬುಟ್ಟಿಗೆ, ತಡಿಕೆಗೆ ಆಗುತ್ತದೆ. ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲಿ ಕುರ್ಚಿ ಮೇಜು ಮಾಡುತ್ತಾರೆ.

ಸೋಲಿಗರ 'ತರಗು ಬೆಂಕಿ'ಯ ಬಗ್ಗೆ ಕೇಳಿದವರಿಗೆ: ಬೇಸಿಗೆ ಬಲಿಯುವ ಮೊದಲೇ, ತರಗೆಲೆಗೆ ಮಾತ್ರ ಹತ್ತುವ ತೆಳು ಬೆಂಕಿ ಅದು. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಕಾಡನ್ನು ಮುಚ್ಚಿತು, ನೆಲ್ಲಿ ಮರಗಳಿಗೆ ಬದನಿಕೆ ಎಂಬ ಪರಾವಲಂಬಿ ಗಿಡ ಏರಿತು ಎಂದು ಅವರ ಹಿರಿಯರು ಹೇಳುತ್ತಾರೆ. ಆದರೆ ಇದನ್ನು ನೀವು ಮಾಡಬೇಡಿ. ಕಾಡಿಗೆ ಬೆಂಕಿ ಇಡುವುದು ಅಪರಾಧ. ಅಷ್ಟೇ ಅಲ್ಲ, ಆಳೆತ್ತರ ಲಂಟಾನ ತುಂಬಿರುವ ಈಗಿನ ಕಾಡಿನಲ್ಲಿ ತೆಳು ಬೆಂಕಿ ಎಂಬುದೇ ಇಲ್ಲ, ಅದು ನೇರ ಮರದ ತಲೆಗೆ ಏರುತ್ತದೆ. ಕಾಡಿನೊಳಗಿನ ಲಂಟಾನ ತೆಗೆಯುವುದೂ ಅನುಮತಿಯಿಲ್ಲದೆ ಆಗದು. ಅಲ್ಲಿನ ಮಾತು ಆಡಬೇಕಾದವರು ಗ್ರಾಮಸಭೆಯವರು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾದ ಕಾಡಿನಲ್ಲಿ. ಕಾಡನ್ನು ಕಾಪಾಡುವ, ನೋಡಿಕೊಳ್ಳುವ ಹಕ್ಕೂ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. ನೀವು ಆ ಸಮುದಾಯದವರೇ ಆಗಿದ್ದು ನಿಮ್ಮ ಊರಿಗೆ ಇನ್ನೂ ಹಕ್ಕುಪತ್ರ ಬಂದಿಲ್ಲವಾದರೆ, ಗ್ರಾಮಮಟ್ಟದ ಅರಣ್ಯ ಹಕ್ಕು ಸಮಿತಿಯ ಮೂಲಕ ಅರ್ಜಿ, ಜೊತೆಗೆ ಹಿರಿಯರ ಹೇಳಿಕೆ ಮತ್ತು ಯೆಲ್ಲೆಯ ನಕ್ಷೆ ಇಡಿ. ಹಿರಿಯರ ಹೇಳಿಕೆಯೂ ಪುರಾವೆಯೇ.

ಹಂತ 7: ಸರಿಹೋಗುತ್ತಿದೆಯೇ ಎಂದು ನೋಡುವುದು

ಆಗಸ್ಟಿನಲ್ಲಿ, ಮಳೆ ಬಂದ ಎರಡು ದಿನಕ್ಕೆ, ಒಂದಡಿ ಉದ್ದ ಅಗಲ ಆಳ ಮಣ್ಣು ಅಗೆದು ಗೋಣಿಯ ಮೇಲೆ ಹರವಿ ಎರೆಹುಳು ಎಣಿಸಿ. ಪ್ರತಿ ವರ್ಷ ಅದೇ ಜಾಗ, ಅದೇ ಹೊತ್ತು. ಒಂದು ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ. ತಕ್ಷಣ ಕರಗಿ ಕೆಸರಾದರೆ ಮಣ್ಣಿಗೆ ಇನ್ನೂ ಅಂಟು ಬಂದಿಲ್ಲ, ಅಕ್ಕಡಿಯ ಜೊತೆ ಹಸಿರೆಲೆ ಗೊಬ್ಬರವೂ ಮುಂದುವರಿಯಲಿ. ಕೆಲವು ನಿಮಿಷ ಇಡಿಯಾಗಿ ನಿಂತರೆ ದಾರಿ ಸರಿಯಿದೆ. ಕೋಡಿಯಿಂದ ಹೊರಬೀಳುವ ನೀರಿನ ಬಣ್ಣವನ್ನೂ ಬಾಟಲಿಯಲ್ಲಿ ಹಿಡಿದು ವರ್ಷದಿಂದ ವರ್ಷಕ್ಕೆ ಹೋಲಿಸಿ. ಮೂರನೇ ವರ್ಷ ಇಂಗಾಲದ ಪರೀಕ್ಷೆ. ಸಂಖ್ಯೆ ಸ್ವಲ್ಪವೇ ಏರಿದ್ದರೆ ಬೇಜಾರಾಗಬೇಡಿ, ಒಣಸೀಮೆಯಲ್ಲಿ ಅದು ನಿಧಾನ.

ನಾಲ್ಕನೇ ವರ್ಷಕ್ಕೆ ಮಾರುವಷ್ಟು ಕಾಳು ಬಂದರೆ ಚೀಲದ ಮೇಲೆ ನಿಮ್ಮ ಊರಿನ ಹೆಸರು ಹಾಕಿ. 'ಬುಡಕಟ್ಟು ರಾಗಿ', 'ಸೋಲಿಗರ ಅವರೆ' ಎಂದು ಬರೆಯಬೇಡಿ, ಅವರೇ ಬೆಳೆದು ಅವರಿಗೇ ಹಣ ಹೋಗುವುದಾದರೆ ಬೇರೆ ಮಾತು. ನಿಮ್ಮ ಭಾಗದ ಹಳೆಯ ತಳಿಯನ್ನು ಯಾವುದಾದರೂ ಕುಟುಂಬ ಅಥವಾ ಊರು ಕಾಪಾಡಿಕೊಂಡು ಬಂದಿದ್ದರೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ಅದನ್ನು ಅವರ ಹೆಸರಿನಲ್ಲಿ ನೋಂದಾಯಿಸಬಹುದು. ಅರ್ಜಿ ತುಂಬಲು ನಿಮಗೆ ಬರುತ್ತದೆ, ಅವರಿಗೆ ಬರದಿರಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ.

ಯಾವಾಗ ಶುರುಮಾಡಲಿ ಎಂದು ಕೇಳುವವರಿಗೆ: ಸಂಕ್ರಾಂತಿ ಕಳೆದಿದ್ದರೆ ಗಳು ಕಟ್ಟಿ ಮಟ್ಟ ನೋಡಲು ಶುರುಮಾಡಿ. ಯುಗಾದಿ ದಾಟಿದ್ದರೆ ನವಧಾನ್ಯದ ಬೀಜ ಕೂಡಿಸಿ. ಮಳೆಗಾಲದ ನಡುವೆ ಇದನ್ನು ಓದುತ್ತಿದ್ದರೆ ಈ ವರ್ಷ ಏನನ್ನೂ ಕೊಳ್ಳಬೇಡಿ. ಜೋರು ಮಳೆ ಹಿಡಿದ ದಿನ ಗೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿ, ನೀರು ಎಲ್ಲಿ ಒಳಬಂದು ಎಲ್ಲಿ ಹೊರಹೋಗುತ್ತದೆ ಎಂದು ನೋಡಿ, ಹೋದ ದಾರಿಗೆಲ್ಲ ಕಲ್ಲು ಇಟ್ಟು ಗುರುತು ಮಾಡಿ ಬನ್ನಿ.